ಬೆಳಕು ಬಾಗಿಲ ಕಡೆ ಬರುವ ಹೊತ್ತು

"ಅವರಿಗೆ ಇನ್ನೊಮ್ಮೆ ತೊಳೆಯಲು ಹೇಳಮ್ಮ, ಈ ಕಡೆ ತಿರುಗಿ ಕೂರಲಿ."

ಮಂಗಳವಾರ ಬೆಳಿಗ್ಗೆ ಟರ್ಕಿಯ ಬುರ್ಸಾ ಊರಿನ ದೊಡ್ಡ ಮಸೀದಿ ಉಲು ಜಾಮಿಯಲ್ಲಿ ನಮ್ಮ ಫೋಟೋಗ್ರಾಫರ್‌ಗಳ ತಂಡದ ಹಿರಿಯ ಮಿತ್ರರೊಬ್ಬರು ಗೈಡ್ ಹುಡುಗಿಗೆ ಹೇಳಿದ ಮಾತಿದು. ಇವತ್ತು ಗುರುವಾರ. ನಡುವೆ ಕೋಝಾ ಹಾನ್ ಎಂಬ ಹಳೆಯ ಮಾರುಕಟ್ಟೆ ನೋಡಿದೆವು, ಕೋಟೆಯ ದಿನ್ನೆ ಹತ್ತಿದೆವು, ಹಸಿರು ಗೋರಿ ಎಂಬ ಹಳೆಯ ಸಮಾಧಿಯ ಮುಂದೆ ಗಂಟೆಗಟ್ಟಲೆ ನಿಂತೆವು. ಮಾತು ಮಾತ್ರ ತಲೆಯಿಂದ ಇಳಿಯುತ್ತಿಲ್ಲ.

ಮಸೀದಿಯ ಒಳಗೇ ಇರುವ ಕಾರಂಜಿಯ ಪಕ್ಕದಲ್ಲಿ ಒಬ್ಬ ಮುದುಕರು ಕುಳಿತಿದ್ದರು. ನಮಾಜಿಗೆ ಮುಂಚಿನ ಕಟ್ಟಳೆಯಂತೆ ಮುಖ ತೊಳೆದು, ಮೊಣಕೈವರೆಗೆ ನೀರು ಹಾಕಿಕೊಂಡು, ಕೊನೆಗೆ ಪಾದಗಳನ್ನು ತೊಳೆದಿದ್ದರು. ಕರವಸ್ತ್ರದ ಮೂಲೆಯಿಂದ ಕಾಲ್ಬೆರಳುಗಳ ಸಂದಿಯನ್ನು ಒಂದೊಂದಾಗಿ ಒರೆಸಿ, ಬೂದು ಕಾಲುಚೀಲವನ್ನು ಹಿಮ್ಮಡಿಯ ಮೇಲೆ ಎಳೆದುಕೊಳ್ಳುತ್ತಿದ್ದರು. ನಮ್ಮ ಮಿತ್ರರಿಗೆ ಫೋಟೋದಲ್ಲಿ ಬೇಕಾಗಿದ್ದುದು ತೋಳಿನಿಂದ ಜಾರುವ ನೀರಿನ ಹನಿ, ಅದು ತಪ್ಪಿಹೋಗಿತ್ತು.

ಹುಡುಗಿ ಒಂದು ಕ್ಷಣ ತಡೆದಳು. ಆಮೇಲೆ ಬಗ್ಗಿ, ತಗ್ಗಿದ ದನಿಯಲ್ಲಿ ಅವರಿಗೆ ಹೇಳಿದಳು. ಮುದುಕರು ತಲೆ ಎತ್ತಿ ಮೊದಲು ಮೇಲಿನ ಗಾಜನ್ನು ನೋಡಿದರು, ಆಮೇಲೆ ನಮ್ಮನ್ನು. ಸಿಟ್ಟು ಮಾಡಿಕೊಳ್ಳಲಿಲ್ಲ. ಅವರು ಹೇಳಿದ್ದನ್ನು ಹುಡುಗಿ ಹೀಗೆ ತಿಳಿಸಿದಳು: "ಒಮ್ಮೆ ತೊಳೆದದ್ದು ಆಯಿತು ಮಗಳೇ. ಇವರಿಗೆ ಬೇಕಾದ ಬೆಳಕು ಈಗ ಇಲ್ಲಿ ಇಲ್ಲ. ಮಧ್ಯಾಹ್ನದ ನಮಾಜು ಮುಗಿದ ಮೇಲೆ ಬಾಗಿಲ ಕಡೆಯ ನಲ್ಲಿಗಳ ಹತ್ತಿರ ಬರುತ್ತದೆ. ಆಗ ಬರಲಿ." ಇನ್ನೊಂದು ಕಾಲುಚೀಲವನ್ನೂ ಹಾಕಿಕೊಂಡು ಎದ್ದು ಹೋದರು.

ಎಷ್ಟು ಸಲ ನೆನೆದರೂ ನನಗೆ ಬೆರಗು ಹುಟ್ಟಿಸುವುದು ಅವರು ಗಾಜಿನ ಕಡೆ ನೋಡಿದ ಆ ನೋಟ. ಹೊರಗಿನವನೊಬ್ಬ ಕಟ್ಟಳೆ ಮೀರಿ ಕೇಳಿದ್ದನ್ನು ಅವರು ನಿರಾಕರಿಸಿದರು. ಅದರ ಜೊತೆಗೇ ಅವನಿಗೆ ನಿಜವಾಗಿ ಏನು ಬೇಕಾಗಿದೆ ಎಂದು ಯೋಚಿಸಿ ಅದನ್ನೂ ಕೊಟ್ಟರು. ಅಷ್ಟು ಉದಾರವಾಗಿ 'ಇಲ್ಲ' ಎಂದವರನ್ನು ನಾನು ಹೆಚ್ಚು ಕಂಡಿಲ್ಲ.

ಈ ಮಸೀದಿಯ ಬೆಳಕು ಸುಲಭಕ್ಕೆ ಒಲಿಯುವಂಥದ್ದಲ್ಲ. 1396ರಲ್ಲಿ ನಿಕೊಪೊಲಿಸ್ ಯುದ್ಧ ಗೆದ್ದ ಒಟ್ಟೊಮನ್ ಸುಲ್ತಾನ ಬಾಯೆಝಿದ್ ಕಟ್ಟಿಸಿದ್ದು. ಗೆದ್ದರೆ ಇಪ್ಪತ್ತು ಮಸೀದಿ ಕಟ್ಟಿಸುತ್ತೇನೆಂದು ಹರಕೆ ಹೊತ್ತವನು ಕೊನೆಗೆ 20 ಗುಮ್ಮಟಗಳ ಒಂದೇ ಮಸೀದಿ ಕಟ್ಟಿಸಿದ ಎಂಬ ಕಥೆ ಊರಲ್ಲೆಲ್ಲ ಇದೆ. ಹನ್ನೆರಡು ದಪ್ಪ ಕಂಬಗಳು ಆ ಗುಮ್ಮಟಗಳನ್ನು ಹೊತ್ತಿವೆ. ಕಂಬ, ಗೋಡೆಗಳ ಮೇಲೆಲ್ಲ ಆಳೆತ್ತರದ ಕಪ್ಪು ಅಕ್ಷರಗಳು. ಕಾರಂಜಿಯ ಮೇಲಿನ ಗುಮ್ಮಟದ ನೆತ್ತಿ ಮಾತ್ರ ಹಿಂದೆ ಬಯಲಿಗೆ ತೆರೆದಿತ್ತು. ಮಳೆ, ಹಿಮ ನೇರವಾಗಿ ಕೊಳಕ್ಕೆ ಬೀಳುತ್ತಿದ್ದವು. ಈಗ ಅಲ್ಲಿ ಗಾಜಿದೆ. ಹಾಗಾಗಿ ನಡುವೆ ಕಣ್ಣು ಕೋರೈಸುವ ಬೆಳಕು, ಸುತ್ತ ಕಂಬಗಳ ಹಿಂದೆ ಮಬ್ಬು. ಕ್ಯಾಮೆರಾವನ್ನು ಬೆಳಕಿಗೆ ಹೊಂದಿಸಿದರೆ ಅಕ್ಷರಗಳು ಮುಳುಗುತ್ತವೆ, ಅಕ್ಷರಗಳಿಗೆ ಹೊಂದಿಸಿದರೆ ಕಾರಂಜಿ ಬಿಳಿಚಿಕೊಳ್ಳುತ್ತದೆ. ಸೂರ್ಯ ದಕ್ಷಿಣಕ್ಕೆ ಬಂದಾಗ ಗಾಜಿನಿಂದಿಳಿದ ಬಿಸಿಲು ಉತ್ತರದ ಮುಖ್ಯ ಬಾಗಿಲ ಕಡೆ ಚಾಚುತ್ತದೆ. ನಕ್ಷೆ ಹಿಡಿದು ಲೆಕ್ಕ ಹಾಕಿದ್ದರೆ ನಮಗೂ ಗೊತ್ತಾಗಬಹುದಿತ್ತು. ದಿನವೂ ಅಲ್ಲಿ ಕಾಲು ತೊಳೆಯುವವರಿಗೆ ಲೆಕ್ಕ ಬೇಕಿಲ್ಲ.

ನಮ್ಮ ಮಿತ್ರರು ಕೆಟ್ಟವರಲ್ಲ. ಯಾರದಾದರೂ ಬ್ಯಾಟರಿ ಮುಗಿದರೆ ತಮ್ಮದನ್ನು ತೆಗೆದುಕೊಡುವವರು, ನನಗೆ ಬೆಳಕು ಅಳೆಯುವುದನ್ನು ಕಲಿಸಿದವರು. ಆದರೆ ಕ್ಯಾಮೆರಾ ಕಣ್ಣಿಗೆ ಹೋದ ಕೂಡಲೇ ಎದುರಿಗಿರುವವರೆಲ್ಲ ತಮ್ಮ ಕೈಕೆಳಗಿನವರೆಂಬ ಧೋರಣೆ ಅವರಿಗೆ ಬರುತ್ತದೆ. ಇದು ಅವರೊಬ್ಬರ ರೋಗವೂ ಅಲ್ಲ. ಕೋಝಾ ಹಾನ್‌ನ ಅಂಗಳದಲ್ಲಿ ಚಹಾ ತರುವ ಹುಡುಗನನ್ನು ಬೇರೊಂದು ತಂಡದವರು ಮೆಟ್ಟಿಲ ಮೇಲೆ ಹತ್ತಿಸಿ ಇಳಿಸಿ ಮಾಡುತ್ತಿದ್ದರು. ತಟ್ಟೆಯ ಲೋಟಗಳಲ್ಲಿ ಚಹಾ ತಣ್ಣಗಾಗುತ್ತಿತ್ತು.

ನನಗೆ ಇದು ಇಷ್ಟು ತಾಗಲು ಕಾರಣ ನಾನು ರಾಮನಗರದವಳು. 1491ರಲ್ಲಿ ಕಟ್ಟಿದ ಕೋಝಾ ಹಾನ್ ಒಂದು ಕಾಲದಲ್ಲಿ ರೇಷ್ಮೆ ಗೂಡಿನ ವಹಿವಾಟಿನ ಜಾಗ. ಈಗ ಅಂಗಡಿಗಳಲ್ಲಿ ಬಣ್ಣದ ಶಾಲುಗಳು ತೂಗುತ್ತವೆ, ಗೂಡಿನ ವಾಸನೆ ಇಲ್ಲ. ನಮ್ಮೂರ ಮಾರುಕಟ್ಟೆಯಲ್ಲಿ ಆ ವಾಸನೆ ಇನ್ನೂ ಇದೆ. ನಾನು ಚಿಕ್ಕವಳಾಗಿದ್ದಾಗ ಅಪ್ಪ ಗೂಡು ಸುರಿದು, ನೂಲು ತೆಗೆಯಲು ಗೂಡು ಕೊಳ್ಳುವ ರೀಲರ್‌ಗಳಿಗಾಗಿ ಕಾಯುತ್ತಿದ್ದಲ್ಲಿಗೆ ದೊಡ್ಡ ಕ್ಯಾಮೆರಾ ಹಿಡಿದ ಒಬ್ಬರು ಬಂದರು. ಎರಡೂ ಕೈಯಲ್ಲಿ ಗೂಡು ಎತ್ತಿ ಸುರಿಯಿರಿ ಎಂದರು. ಅಪ್ಪ ಸುರಿದರು. ಇನ್ನೊಮ್ಮೆ, ಸ್ವಲ್ಪ ನಗುತ್ತಾ, ಎಂದರು. ತಿಂಗಳಿಡೀ ನಿದ್ದೆಗೆಟ್ಟು ಹುಳುಗಳಿಗೆ ಸೊಪ್ಪು ಹಾಕಿ, ಅವು ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿ ತಂದ ಬೆಳೆ ಅದು. ಅಂದಿನ ಬೆಲೆ ಏನಾಗುತ್ತದೋ ಎಂಬ ಆತಂಕ ಮುಖದ ಮೇಲೆಯೇ ಇತ್ತು. ಆ ಫೋಟೋ ನಮ್ಮ ಮನೆಗೆ ಬರಲಿಲ್ಲ. ಅದರಲ್ಲಿ ಅಪ್ಪ ನಗುತ್ತಿದ್ದರೆ ಅದು ಸುಳ್ಳು ಫೋಟೋ ಎಂದು ನಾನು ಇಂದಿಗೂ ಹೇಳುತ್ತೇನೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಗಾಜಿನ ಪ್ಲೇಟಿನ ಮೇಲೆ ಚಿತ್ರ ಹಿಡಿಯುತ್ತಿದ್ದವರಿಗೆ ಒಂದು ನೆಪವಿತ್ತು. ಇಂಥ ಮಬ್ಬಿನಲ್ಲಿ ಲೆನ್ಸನ್ನು ಬಹಳ ಹೊತ್ತು ತೆರೆದಿಡಬೇಕು, ಅಲುಗಾಡಿದವರು ಹೊಗೆಯಾಗಿಬಿಡುತ್ತಿದ್ದರು. ಅದಕ್ಕೇ ಜನರನ್ನು ಕೂರಿಸಿ, ನಿಲ್ಲಿಸಿ ತೆಗೆಯುತ್ತಿದ್ದರು. ಇವತ್ತಿನ ಕ್ಯಾಮೆರಾ ಬೆಳಕಿನ ಸಂವೇದನೆಯನ್ನು ಐಎಸ್‌ಒ 6400ಕ್ಕೆ ಏರಿಸಿಕೊಂಡು, ಟ್ರೈಪಾಡ್ ಇಲ್ಲದೆ, ಮಬ್ಬಿನಲ್ಲೂ ನಡೆಯುವವರನ್ನು ಹಿಡಿಯಬಲ್ಲದು. ಜನರಿಗೆ ಅಪ್ಪಣೆ ಕೊಡುವ ಅಗತ್ಯ ಹೋಗಿದೆ. ಅಭ್ಯಾಸ ಉಳಿದಿದೆ. ಹಳೆಯ ಕಟ್ಟಡದ ಫೋಟೋ ಎಂದರೆ ಕಲ್ಲು, ಗುಮ್ಮಟಗಳ ಫೋಟೋ. ಒಳಗಿರುವ ಜನ ಅಳತೆ ತೋರಿಸಲು ಇಟ್ಟ ಬೊಂಬೆಗಳು ಎಂದು ನಾವು ನಂಬಿಬಿಟ್ಟಿದ್ದೇವೆ. ಆದರೆ ಈ ಕಲ್ಲು ಎಷ್ಟು ಸಲ ಬಿದ್ದು ಎದ್ದಿದೆ! 1855ರ ಭೂಕಂಪದಲ್ಲಿ ಉಲು ಜಾಮಿಯ ಹೆಚ್ಚಿನ ಗುಮ್ಮಟಗಳು ಕುಸಿದವು. ನಾವೆಲ್ಲ ಮುಗಿಬಿದ್ದು ತೆಗೆಯುವ ಹಸಿರು ಗೋರಿಯ ಹೊರಮೈಯ ನೀಲಿ ಹೆಂಚುಗಳಲ್ಲಿ ಬಹುಪಾಲು ಆ ಭೂಕಂಪದ ನಂತರ ಕೂರಿಸಿದವು. ಊರಿನವರು ಬಿಟ್ಟುಹೋಗಿದ್ದರೆ, ಮತ್ತೆ ಕಟ್ಟದಿದ್ದರೆ, ನಮ್ಮ ಲೆನ್ಸಿಗೆ ಅಲ್ಲಿ ಏನು ಸಿಗುತ್ತಿತ್ತು? ಕಾಲು ತೊಳೆಯಲು ದಿನವೂ ಬರುವವರಿಂದಲೇ ಆ ಕಾರಂಜಿ ಕಾರಂಜಿಯಾಗಿದೆ.

ಮಂಗಳವಾರವೇ ನಮಾಜು ಮುಗಿದ ಮೇಲೆ ನಾನು ಮತ್ತೆ ಹೋದೆ. ತಲೆಗೆ ಶಾಲು ಹೊದ್ದು ಕಂಬದ ಪಕ್ಕ ಕುಳಿತೆ. ಮುದುಕರು ಹೇಳಿದ ಕಡೆಯೇ ಬೆಳಕು ಬಂತು. ಅಮೃತಶಿಲೆಯ ಅಂಚು ಹೊಳೆಯಿತು. ಅಲ್ಲಿ ಕುಳಿತಿದ್ದ ತರುಣನೊಬ್ಬನ ಮೊಣಕೈಯಿಂದ ಬೀಳುವ ಹನಿಗಳು ಒಂದೊಂದಾಗಿ ಕಾಣುತ್ತಿದ್ದವು. ಕ್ಯಾಮೆರಾ ತೋರಿಸಿ ಸನ್ನೆಯಲ್ಲಿ ಕೇಳಿದೆ, ಅವನು ತಲೆಯಾಡಿಸಿದ. ಒಂದು ಚಿತ್ರ ಚೆನ್ನಾಗಿ ಬಂದಿದೆ.

ರಾತ್ರಿ ಊಟಕ್ಕೆ ಕುಳಿತಾಗ ಮಿತ್ರರು ಅದನ್ನು ದೊಡ್ಡದು ಮಾಡಿ ನೋಡಿದರು. "ನಿನ್ನ ಅದೃಷ್ಟ ಕಣಮ್ಮ" ಎಂದರು.

"ಅದೃಷ್ಟ ಅಲ್ಲ ಸರ್, ಆ ಅಜ್ಜ ಹೇಳಿದ್ದರಲ್ಲ."

"ಯಾವಾಗ ಹೇಳಿದರು?"

ಅವರು ನಿಜವಾಗಿಯೂ ಕೇಳಿಸಿಕೊಂಡಿರಲಿಲ್ಲ. ಆಗುವುದಿಲ್ಲ ಎಂಬಷ್ಟು ಕಿವಿಗೆ ಬಿದ್ದ ಕೂಡಲೇ ಲೆನ್ಸ್ ಬದಲಿಸಲು ಚೀಲಕ್ಕೆ ಕೈಹಾಕಿದ್ದರು. ನಾನು ಮುದುಕರ ಮಾತನ್ನು ಪೂರ್ತಿಯಾಗಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊರಡುವ ಮುಂಚೆ ತಾವೂ ಮಧ್ಯಾಹ್ನ ಅಲ್ಲಿಗೆ ಹೋಗಬೇಕು ಎಂದರು. ಅದು ನಾಳೆಯೇ ಆಗಬೇಕು. ಶುಕ್ರವಾರ, ಬಾಗಿಲವರೆಗೂ ಜನ ತುಂಬಿರುತ್ತಾರೆ, ಪ್ರಾರ್ಥನೆ ಮುಗಿದು ಎಲ್ಲರೂ ಏಳುವವರೆಗೆ ಕ್ಯಾಮೆರಾ ಚೀಲದಲ್ಲೇ ಇರಬೇಕು ಎಂದು ಗೈಡ್ ಹುಡುಗಿ ಈಗಾಗಲೇ ಅವರಿಗೆ ಹೇಳಿಟ್ಟಿದ್ದಾಳೆ.