ಬೆಲ್ಲನ ಮುಂಗಾಲು

ನಮ್ಮನೆ ಮೊಲದ ಹೆಸರು ಬೆಲ್ಲ. ಮೈಬಣ್ಣ ಥೇಟ್ ಆಲೆಮನೆಯ ಅಚ್ಚುಬೆಲ್ಲದ್ದೇ. ಮಂಡ್ಯದವರಿಗೆ ಬೇರೆ ಹೆಸರು ಹೊಳೆಯುವುದಾದರೂ ಹೇಗೆ? ಮಗಳು ಹಟ ಹಿಡಿದು ತರಿಸಿಕೊಂಡಳು. ಮೊದಲ ತಿಂಗಳು ಅವಳೇ ನೋಡಿಕೊಂಡಳು, ಆಮೇಲಿನ ಚಾಕರಿಯೆಲ್ಲ ನನ್ನದು. ಇದು ಎಲ್ಲರ ಮನೆ ಕಥೆ, ಬಿಡಿ.

ಹೋದ ಡಿಸೆಂಬರ್‌ನಲ್ಲಿ ಬೆಲ್ಲ ಸೀನತೊಡಗಿದ. ಮೊಲ ಸೀನುವುದನ್ನು ಕೇಳಿದ್ದೀರಾ? ನಮ್ಮ ಹಾಗೆ ಆರ್ಭಟ ಇಲ್ಲ. ಒದ್ದೆ ಬತ್ತಿ ಹಚ್ಚಿದರೆ ಚಿಟ್ ಚಿಟ್ ಅನ್ನುತ್ತಲ್ಲ, ಅಷ್ಟೇ. ಮಗಳಿಗೆ ಅದೂ ಮುದ್ದು. ವಿಡಿಯೊ ಮಾಡಿ ಗೆಳತಿಯರಿಗೆಲ್ಲ ಕಳಿಸಿದಳು.

"ಚಳೀಗೆ ಕಣವ್ವ, ಸೀತ ಆಗದೆ. ಬೆಚ್ಚಗೆ ಮಡಗು," ಅಂದರು ಅತ್ತೆ.

ನನಗೂ ಸರಿ ಅನ್ನಿಸಿತು. ಮೆಟ್ಟಿಲ ಕೆಳಗಿದ್ದ ಗೂಡಿಗೆ ಮೂರು ಕಡೆ ಟಾರ್ಪಾಲು ಸುತ್ತಿದೆ. ಎದುರಿಗೆ ಗೋಣಿಚೀಲ ಇಳಿಬಿಟ್ಟೆ. ಬಡಗಿಯ ಅಂಗಡಿಯಿಂದ ಒಂದು ಚೀಲ ಮರದ ಹೊಟ್ಟು ತಂದು ದಪ್ಪಗೆ ಹಾಸಿದೆ. ಚಳಿಯಲ್ಲಿ ಗೂಡು ನೆನೆಯುವುದು ಬೇಡ ಅಂತ ದಿನಾ ತೊಳೆಯುತ್ತಿದ್ದ ಟ್ರೇಯನ್ನು ನಾಲ್ಕು ದಿನಕ್ಕೊಮ್ಮೆ ತೊಳೆದೆ. ವಾರ ಕಳೆಯುವಷ್ಟರಲ್ಲಿ ಸೀನು ಇನ್ನೂ ಜಾಸ್ತಿಯಾಯಿತು.

ಮೂಗು ನೋಡಿದರೆ ಮಾತ್ರ ಯಾವಾಗಲೂ ಸ್ವಚ್ಛ. ಒಂದು ಹನಿ ನೀರೂ ಇಲ್ಲ. ಹಾಗಾಗಿ ಧೈರ್ಯವಾಗಿದ್ದೆ. ಒಂದು ಸಂಜೆ ಎತ್ತಿಕೊಂಡಾಗ ಅವನ ಮುಂಗಾಲು ನನ್ನ ಕೈಗೆ ತಗುಲಿತು. ಒಳಮಗ್ಗುಲ ಕೂದಲು ಅಂಟಂಟು. ಬೆಳಕಿಗೆ ಹಿಡಿದು ನೋಡಿದೆ. ಗಂಜಿ ಹಾಕಿ ಒಣಗಿಸಿದ ಬಟ್ಟೆಯ ಹಾಗೆ ಕೂದಲು ಎಳೆ ಎಳೆಯಾಗಿ ಸೆಟೆದು ನಿಂತಿತ್ತು. ಬುಡದಲ್ಲಿ ಹಳದಿ ಬಣ್ಣ. ಮೊಲ ಮುಖ ತೊಳೆಯುವುದು ಮುಂಗಾಲಿನಲ್ಲೇ ಅಲ್ವಾ? ಗೊಣ್ಣೆಯನ್ನೆಲ್ಲ ಅಲ್ಲಿಗೇ ಒರೆಸಿಕೊಂಡು, ನನಗೆ ಮೂಗು ಮಾತ್ರ ಚೊಕ್ಕಟವಾಗಿ ತೋರಿಸುತ್ತಿದ್ದ. ಒಂದನೇ ಕ್ಲಾಸಿನ ಹುಡುಗರು ಅಂಗಿ ತೋಳಿಗೆ ಒರೆಸುತ್ತಾರಲ್ಲ, ಹಾಗೆ.

ಮೆಡಿಕಲ್ ಸ್ಟೋರ್ ಹುಡುಗ, "ಪಾಪುಗೆ ಕೊಡೋ ಆಂಟಿಬಯಾಟಿಕ್ ಇದ್ರೆ ನಾಲ್ಕು ಹನಿ ಹಾಕಿ ಮೇಡಂ," ಅಂದ. ಫ್ರಿಜ್‌ನಲ್ಲಿ ಮಗಳ ಅಮಾಕ್ಸಿಸಿಲಿನ್ ಸಿರಪ್ ಉಳಿದಿತ್ತು. ಮುಚ್ಚಳ ತೆಗೆದು ಫಿಲ್ಲರ್‌ಗೆ ತುಂಬಿಯೂ ಆಗಿತ್ತು. ಬೆಲ್ಲ ಒದ್ದು ಬಿಡಿಸಿಕೊಂಡು ಸೋಫಾ ಕೆಳಗೆ ನುಗ್ಗಿದ. ನನಗೂ ಸುಸ್ತಾಗಿತ್ತು, ನಾಳೆ ನೋಡೋಣ ಅಂತ ಬಿಟ್ಟೆ. ಆ ಒದೆತಕ್ಕೆ ಇವತ್ತಿಗೂ ಋಣಿ.

ಬೆಳಿಗ್ಗೆ ಇಲ್ಲೇ ಹತ್ತಿರದ ಪಶುವೈದ್ಯರ ಬಳಿ ಹೋದೆ. "ನಂಗೆ ಹಸ, ಕುರಿ ಚೆನ್ನಾಗಿ ಗೊತ್ತಮ್ಮ. ಮೊಲ ಅಷ್ಟಾಗಿ ನೋಡಿಲ್ಲ. ಮೈಸೂರಿಗೆ ಕರ್ಕೊಂಡೋಗಿ," ಅಂದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ಡಾಕ್ಟರು ಸಿಗುವುದೇ ಕಷ್ಟ. ಫೀಸೂ ತಗೊಳ್ಳಲಿಲ್ಲ.

ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬೆಲ್ಲನನ್ನು ಕೂರಿಸಿ ಹೊರಟೆವು. ಮಂಡ್ಯದಿಂದ ಮೈಸೂರಿಗೆ 45 ಕಿಲೋಮೀಟರ್ ಆಸುಪಾಸು. ಶ್ರೀರಂಗಪಟ್ಟಣ ದಾಟುವವರೆಗೆ ಮಗಳು ಒಂದು ಮಾತೂ ಆಡಲಿಲ್ಲ. ಬುಟ್ಟಿಯೊಳಗೆ ಕೈ ಇಟ್ಟುಕೊಂಡೇ ಕೂತಿದ್ದಳು.

ಮೈಸೂರಿನ ಡಾಕ್ಟರಮ್ಮ ಮೊದಲು ಬೆಲ್ಲನನ್ನು ಮುಟ್ಟಲೇ ಇಲ್ಲ. ಸುಮ್ನೆ ಕೂತು ಅವನ ಪಕ್ಕೆ ಏರಿಳಿಯುವುದನ್ನು ಎಣಿಸಿದರು. ಸುಮ್ಮನೆ ಮಲಗಿದ ಮೊಲ ನಿಮಿಷಕ್ಕೆ 30ರಿಂದ 60 ಸಲ ಉಸಿರಾಡುತ್ತದಂತೆ. "ಬಾಯಿ ತೆಗೆದು ಉಸಿರಾಡಿದ್ದು ಯಾವತ್ತಾದ್ರೂ ನೋಡಿದ್ರಾ?" ಅಂತ ಕೇಳಿದರು. ಇಲ್ಲ ಅಂದೆ. "ಸದ್ಯ. ಮೊಲ ಉಸಿರಾಡೋದು ಮೂಗಲ್ಲೇ. ನಮ್ಮ ಹಾಗೆ ಮೂಗು ಕಟ್ಟಿದ್ರೆ ಬಾಯಲ್ಲಿ ನಡೆಸ್ತೀನಿ ಅನ್ನೋ ಅನುಕೂಲ ಅದಕ್ಕಿಲ್ಲ. ಬಾಯಿ ತೆಗೀತು ಅಂದ್ರೆ ಆಗಲೇ ಕೈಮೀರಿದೆ ಅಂತ."

ಆಮೇಲೆ ಬಾಯೊಳಗೆ ಒಂದು ಪುಟ್ಟ ಟಾರ್ಚಿನಂಥದ್ದು ಇಳಿಸಿ ದವಡೆಹಲ್ಲು ನೋಡಿದರು. ಮೂಗಿಗೆ ಬಂದವರು ಹಲ್ಲು ಯಾಕೆ ನೋಡುತ್ತಾರೆ ಅಂದುಕೊಂಡೆ. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಮೇಲಿನ ಹಲ್ಲಿನ ಬೇರು ಮೂಗಿಗೂ ಕಣ್ಣೀರಿನ ನಾಳಕ್ಕೂ ಅಂಟಿದ ಹಾಗೇ ಇದೆ. ಬೇರು ಕೆಟ್ಟರೂ ಮೂಗು ಸೋರುತ್ತದೆ. ಬೆಲ್ಲನ ಹಲ್ಲು ಸರಿಯಾಗಿತ್ತು. ದಿನಾ ಗರಿಕೆ, ರೇಷ್ಮೆಸೊಪ್ಪು ಅಗಿಯುತ್ತಿದ್ದನಲ್ಲ, ಅದೊಂದಾದರೂ ನಾನು ಸರಿಯಾಗಿ ಮಾಡಿದ್ದೆ.

"ಗೂಡು ಎಲ್ಲಿಟ್ಟಿದ್ದೀರಿ?" ಅಂದಾಗ ಮಗಳು ಫೋನ್ ತೆಗೆದು ಫೋಟೊ ತೋರಿಸಿದಳು. ಟಾರ್ಪಾಲು, ಗೋಣಿ, ಹೊಟ್ಟು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು. "ಮೊಲ ಚಳಿ ತಡ್ಕೊಳುತ್ತೆ. ತಡೆಯಕ್ಕಾಗದ್ದು ಸೆಕೆ, ಧೂಳು, ಉಚ್ಚೆ ವಾಸನೆ," ಅಂದರು. ಉಚ್ಚೆಯಿಂದ ಏಳುವ ಅಮೋನಿಯಾ ಮೂಗಿನ ಒಳಪದರವನ್ನು ಸುಡುತ್ತದೆ. ಪಾಶ್ಚುರೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಎಷ್ಟೋ ಮೊಲಗಳ ಮೂಗಿನಲ್ಲಿ ಸುಮ್ಮನೆ ಕೂತಿರುತ್ತದೆ. ಒಳಪದರ ಹಾಳಾದಾಗ ಅದಕ್ಕೆ ಹಬ್ಬ. "ಗೂಡಿನ ಮುಂದೆ ಬಗ್ಗಿ, ನಿಮ್ಮ ಮೂಗನ್ನ ಅದರ ಮೂಗಿರೋ ಕಡೆ ಇಟ್ಟು ನೋಡಿ," ಅಂದರು. ನಾನು ಯಾವಾಗಲೂ ನಿಂತುಕೊಂಡೇ ಸೊಪ್ಪು ಹಾಕುತ್ತಿದ್ದೆ.

ಸಿರಪ್ಪಿನ ವಿಷಯ ಹೇಳಿದಾಗ ಮಾತ್ರ ಅವರ ಪೆನ್ನು ನಿಂತಿತು. "ಕೊಟ್ಟಿಲ್ಲ ತಾನೆ?" ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಮೊಲದ ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತವೆ, ಕೆಟ್ಟವು ತುಂಬಿಕೊಳ್ಳುತ್ತವೆ, ಭೇದಿಯಾಗಿ ಮೊಲವೇ ಸಾಯಬಹುದು. ನನ್ನ ಕೈ ತಣ್ಣಗಾಯಿತು.

ಅವರು ಮೊಲಕ್ಕೆ ಆಗುವ ಬೇರೆ ಆಂಟಿಬಯಾಟಿಕ್ ಬರೆದುಕೊಟ್ಟರು. ಜೊತೆಗೆ ದಿನಕ್ಕೆ ಎರಡು ಸಲ ಬರೀ ಸಲೈನ್ ಹಾಕಿ ನೆಬುಲೈಜರ್. ಅತ್ತೆಗೆ ದಮ್ಮು, ಮನೆಯಲ್ಲಿ ಮಷೀನು ಇತ್ತು, ಪೈಪು ಮಾತ್ರ ಹೊಸದು ತಂದೆವು. ಗಾಳಿಗೆ ತೂತು ಮಾಡಿದ ರಟ್ಟಿನ ಡಬ್ಬಿಯೊಳಗೆ ಬೆಲ್ಲ. ಪಕ್ಕದಿಂದ ಪೈಪು. ಮೊದಲ ದಿನ ಮಷೀನು ಗುರ್ ಅಂದ ಕೂಡಲೇ ಹಿಂಗಾಲು ಬಡಿದ. ಮೂರನೇ ದಿನ ಮಂಜಿನ ಮಧ್ಯೆ ಕಣ್ಣು ಅರೆಮುಚ್ಚಿ ಕೂತ. "ನೋಡು, ಸ್ವಾಮಿಗೋಳು ತಪಸ್ಸಿಗೆ ಕುಂತವ್ರೆ," ಅಂದರು ಅತ್ತೆ.

ಅಂಗಡಿಯವರ ಹೊಟ್ಟು ಕಸಕ್ಕೆ ಹೋಯಿತು. ಟಾರ್ಪಾಲು ಬಿಚ್ಚಿದೆ. ಗೂಡು ಮೆಟ್ಟಿಲ ಕೆಳಗಿನಿಂದ ಜಗಲಿಗೆ ಬಂತು. ಕೆಳಗೆ ಹಳೇ ಪೇಪರು, ದಿನಾ ಬದಲಾವಣೆ. ಹುಲ್ಲನ್ನು ಅಂಗಳದಲ್ಲಿ ಕೊಡವಿ ಧೂಳು ಹೋದ ಮೇಲೆ ಒಳಗೆ. ತಿನ್ನುತ್ತಿದ್ದಾನಾ, ಹಿಕ್ಕೆ ಹಾಕಿದ್ದಾನಾ ಅಂತ ಬೆಳಿಗ್ಗೆ ಸಂಜೆ ನೋಡುತ್ತಿದ್ದೆ. ಮೂಗು ಕಟ್ಟಿದರೆ ಮೇವಿನ ವಾಸನೆ ಹತ್ತುವುದಿಲ್ಲ, ವಾಸನೆ ಇಲ್ಲದಿದ್ದರೆ ತಿನ್ನುವುದಿಲ್ಲ, ಅರ್ಧ ದಿನ ಹೊಟ್ಟೆ ಖಾಲಿ ಬಿಟ್ಟರೆ ಕರುಳೇ ನಿಲ್ಲುತ್ತದೆ ಅಂತ ಡಾಕ್ಟರಮ್ಮ ಹೆದರಿಸಿದ್ದರು.

ಸಂಕ್ರಾಂತಿ ಹೊತ್ತಿಗೆ ಕಾಲಿನ ಕೂದಲು ಒಣಗಿ ಹಗುರಾಯಿತು. ಪೂರ್ತಿ ಹೋಯಿತು ಅಂತ ಹೇಳಲಾರೆ. ಈ ಕಾಯಿಲೆ ಮತ್ತೆ ಮತ್ತೆ ತಲೆ ಎತ್ತುತ್ತದಂತೆ. ಯಾವಾಗಲಾದರೂ ಒಂದು ಚಿಟ್ ಕೇಳಿದರೆ ಒಲೆ ಮೇಲಿನ ಹಾಲು ಬಿಟ್ಟು ಓಡುತ್ತೇನೆ.

ಈಗ ಬೆಳಿಗ್ಗೆ ನನಗಿಂತ ಮೊದಲು ಅತ್ತೆಯೇ ಜಗಲಿಗೆ ಹೋಗುತ್ತಾರೆ. ಮಂಡಿನೋವಿದ್ದರೂ ಕಂಬ ಹಿಡಿದು ಕೂತು, ಗೂಡಿನ ಜಾಲರಿಗೆ ಮೂಗು ತಾಗಿಸಿ ಮೂಸುತ್ತಾರೆ. ಆಮೇಲೆ ಬಾಗಿಲು ತೆಗೆದು, "ಎಲ್ಲಿ, ಕೈ ತೋರ್ಸಪ್ಪ ಬೆಲ್ಲ," ಅನ್ನುತ್ತಾರೆ.