ನಾಲ್ಕು ಆಂದೋಲಕ, ಏಳು ಸ್ವರ

ಬಿ.ಎಸ್ಸಿ. ಮಕ್ಕಳಿಗೆ ಕಾಂತತ್ವ ಪಾಠ ಮಾಡುವಾಗ ಭೌತವಿಜ್ಞಾನಿ ಜೂಲಿ ಗ್ರೋಲಿಯೆ ಅವರ ಫ್ರಾನ್ಸಿನ ತಂಡ 2018ರಲ್ಲಿ ಪ್ರಕಟಿಸಿದ, ಪುಟ್ಟ ಕಾಂತೀಯ ಆಂದೋಲಕಗಳಿಂದ (ಲಯಬದ್ಧವಾಗಿ ಕಂಪಿಸುವ ಸಾಧನಗಳಿಂದ) ಮಾತಿನ ಸ್ವರಾಕ್ಷರಗಳನ್ನು ಗುರುತಿಸುವ ಪ್ರಯೋಗವನ್ನು ನಾನು ಬಿಡುವುದೇ ಇಲ್ಲ. ಅಷ್ಟು ಇಷ್ಟ ಅದು.

ಎರಡು ಕಾಂತೀಯ ಪದರ, ನಡುವೆ ಸುಮಾರು ಒಂದು ನ್ಯಾನೋಮೀಟರ್ ದಪ್ಪದ ನಿರೋಧಕ. ಕರೆಂಟ್ ಹರಿಸಿದರೆ ಎಲೆಕ್ಟ್ರಾನುಗಳ ಸ್ಪಿನ್ (ಅವುಗಳ ಸಹಜ ಕಾಂತೀಯ ಗುಣ) ಒಂದು ಪದರದ ಕಾಂತತ್ವವನ್ನು ಬುಗುರಿಯಂತೆ ತಿರುಗಿಸುತ್ತದೆ. ರೋಧ ಏರಿಳಿಯುತ್ತದೆ, ಮೈಕ್ರೋವೇವ್ ಸಂಕೇತ ಹೊರಡುತ್ತದೆ. ಕರೆಂಟ್ ಸ್ವಲ್ಪ ಬದಲಿಸಿದರೆ ಆವರ್ತನವೂ ಬದಲು. ಇದೇ ಆಂದೋಲಕ. ಇಂಥ ನಾಲ್ಕನ್ನು ಒಂದಕ್ಕೊಂದು ಜೋಡಿಸಿ, ಇಂಗ್ಲಿಷ್ ಮಾತಿನ ಏಳು ಸ್ವರಾಕ್ಷರ ಧ್ವನಿಗಳ ಆವರ್ತನಗಳನ್ನು ಎರಡು ಮೈಕ್ರೋವೇವ್ ಸಂಕೇತಗಳಾಗಿಸಿ ಕೊಟ್ಟರು. ಯಾವ ಆಂದೋಲಕ ಯಾವ ಸಂಕೇತದ ಲಯಕ್ಕೆ ಕೂಡಿಕೊಂಡಿತು ಎಂಬುದರಿಂದಲೇ ಅದು ಯಾವ ಸ್ವರ ಎಂಬ ಉತ್ತರ. ತಪ್ಪಾದರೆ ಕರೆಂಟುಗಳನ್ನು ತುಸು ತಿದ್ದುವುದು, ಕಲಿಕೆಯೆಂದರೆ ಅಷ್ಟೇ! ಮಿದುಳಿನ ನರಕೋಶಗಳೂ ಲಯದಲ್ಲಿ ಕೂಡಿಕೊಳ್ಳುತ್ತವಲ್ಲ, ಸ್ಫೂರ್ತಿ ಅಲ್ಲಿಂದ.

ಉಪಕರಣಗಳು ಇನ್ನೂ ಪ್ರಯೋಗಾಲಯದವೇ. ಆದರೆ ಇದೇ ಬಗೆಯ ಪದರರಚನೆ ಎಂರ್ಯಾಮ್ ಎಂಬ ಕಾಂತೀಯ ಮೆಮೊರಿ ಚಿಪ್‌ಗಳಲ್ಲಿ ಈಗಾಗಲೇ ತಯಾರಾಗುತ್ತಿರುವುದರಿಂದ ನನಗೆ ಭರವಸೆಯಿದೆ.

ಒಬ್ಬ ಹುಡುಗಿ ಕೇಳಿದಳು: "ಮೇಡಂ, ನಮ್ಮ ಇ, ಈ ಇದಕ್ಕೆ ಗೊತ್ತಾಗುತ್ತಾ?" ಎಂಥ ಪ್ರಶ್ನೆ! ಅವುಗಳ ಮುಖ್ಯ ಭೇದ ಉಚ್ಚಾರದ ಕಾಲ. ಈ ಜೋಡಣೆ ನೋಡುವುದು ಆವರ್ತನವನ್ನು ಮಾತ್ರ. 2017ರಲ್ಲಿ ಇದೇ ತಂಡ ಒಂದೇ ಆಂದೋಲಕದಿಂದ ಬಾಯಲ್ಲಿ ಹೇಳಿದ ಅಂಕಿಗಳನ್ನು ಗುರುತಿಸಿತ್ತು; ಅಲ್ಲಿ ಕ್ಷಣದ ಹಿಂದೆ ಬಂದ ಸಂಕೇತದ ನೆನಪು ಆಂದೋಲಕದಲ್ಲಿ ಉಳಿಯುವುದನ್ನು ಬಳಸಲಾಗಿತ್ತು. ಹ್ರಸ್ವ-ದೀರ್ಘಕ್ಕೆ ಆ ದಾರಿಯೇ ಸರಿಯೆಂದು ಅವಳಿಗೆ ಹೇಳಿದೆ.