ಹಳೆಯ ಪುಟಗಳನ್ನು ಕಿವಿಗೆ ತಲುಪಿಸುವ ಕೆಲಸ

ಕಳೆದ ಮಳೆಗಾಲದ ಒಂದು ಮಧ್ಯಾಹ್ನ, ಇತಿಹಾಸದಲ್ಲಿ ಸಂಶೋಧನೆ ಮಾಡುತ್ತಿರುವ ಅಧ್ಯಾಪಕಿಯೊಬ್ಬರು ನಮ್ಮ ದಾಖಲೆ ಸಂಗ್ರಹದ ಕಚೇರಿಗೆ ಬಂದು, ತಮ್ಮ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ನಾವು ಎರಡು ವರ್ಷ ಶ್ರಮಪಟ್ಟು ಕಟ್ಟಿದ ಜಾಲತಾಣವನ್ನು ನನ್ನ ಎದುರಿನಲ್ಲೇ ಓದಲು ಕುಳಿತರು. ಅವರಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಹಳೆಯ ಕನ್ನಡ ಮಾಸಪತ್ರಿಕೆಗಳಲ್ಲಿ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಬಂದ ಲೇಖನಗಳನ್ನು ಹುಡುಕುತ್ತಿದ್ದ ಅವರಿಗೆ, ನಮ್ಮಲ್ಲಿ ಅಂಥ ಪತ್ರಿಕೆಗಳ ಸಾವಿರಾರು ಪುಟಗಳಿವೆ ಎಂದು ಯಾರೋ ಹೇಳಿದ್ದರು. ಅವರು ಬಳಸುತ್ತಿದ್ದುದು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ. ಸ್ವತಃ ಅಂಧರಾದ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ 2006ರಲ್ಲಿ ಆರಂಭಿಸಿದ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ತಂತ್ರಾಂಶ ಅದು. ಅದರೊಂದಿಗೇ ಬರುವ ಇ-ಸ್ಪೀಕ್ ಧ್ವನಿಗೆ ಕನ್ನಡವೂ ಬರುತ್ತದೆ.

ಅವರು ಒಂದು ಸಂಚಿಕೆಯನ್ನು ತೆರೆದರು. ಯಂತ್ರದ ಧ್ವನಿ "ಗ್ರಾಫಿಕ್" ಎಂದಿತು, ಮತ್ತೆ "ಗ್ರಾಫಿಕ್" ಎಂದಿತು, ಆಮೇಲೆ ಸ್ಕ್ಯಾನರ್ ತಾನಾಗಿ ಕೊಟ್ಟಿದ್ದ ಕಡತದ ಹೆಸರನ್ನು ಅಕ್ಷರ ಅಕ್ಷರವಾಗಿ, ಅಂಕಿ ಅಂಕಿಯಾಗಿ ಓದಿತು. ಮುಂದಿನ ಶೀರ್ಷಿಕೆಗೆ ಹಾರಲು ಅವರು ಎಚ್ ಕೀಲಿಯನ್ನು ಒತ್ತಿದರೆ ಮುಂದೆ ಶೀರ್ಷಿಕೆಯೇ ಇಲ್ಲ ಎಂಬ ಉತ್ತರ ಬಂತು. ನಾವು ಶೀರ್ಷಿಕೆಗಳನ್ನು ದಪ್ಪ ಅಕ್ಷರದಲ್ಲಿ ಕಾಣುವಂತೆ ಮಾಡಿದ್ದೆವೇ ಹೊರತು ಅವು ಶೀರ್ಷಿಕೆಗಳೆಂದು ಕಂಪ್ಯೂಟರಿಗೆ ಹೇಳಿರಲಿಲ್ಲ. ಹತ್ತು ನಿಮಿಷ ತಾಳ್ಮೆಯಿಂದ ಹುಡುಕಿ, "ಪುಟ ಇದೆ ಅಂತ ಗೊತ್ತಾಗುತ್ತೆ, ಅದರಲ್ಲಿ ಏನಿದೆ ಅಂತ ಗೊತ್ತಾಗೋದಿಲ್ಲ" ಎಂದು ಅವರು ಹೇಳಿದಾಗ, ನಾನು ಎರಡು ವರ್ಷದಿಂದ 'ಎಲ್ಲರಿಗೂ ಮುಕ್ತ' ಎಂದು ಮುಖಪುಟದಲ್ಲಿ ಬರೆದುಕೊಂಡಿದ್ದ ಮಾತು ಸುಳ್ಳಾಗಿತ್ತು.

ಆ ದಿನದಿಂದ ಈಚೆಗೆ ನಾವು ಮಾಡಿದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ. ಕನ್ನಡದ ಹಳೆಯ ಪುಸ್ತಕ, ಪತ್ರಿಕೆ, ಪತ್ರಗಳನ್ನು ಅಂತರ್ಜಾಲಕ್ಕೆ ಏರಿಸುತ್ತಿರುವ ಸಣ್ಣ ಗುಂಪುಗಳು ಈಗ ಹಲವು ಇವೆ. ಸ್ಕ್ಯಾನ್ ಮಾಡಿದ ಕೂಡಲೇ ಕೆಲಸ ಮುಗಿಯಿತು ಎಂದು ನಾವು ತಿಳಿದಂತೆಯೇ ಅವರೂ ತಿಳಿದಿರಬಹುದು.

ಮೊದಲ ಮತ್ತು ಅತಿ ದೊಡ್ಡ ಕೆಲಸ, ಚಿತ್ರವಾಗಿದ್ದ ಪುಟವನ್ನು ಪಠ್ಯವಾಗಿಸುವುದು. ಟೆಸರಾಕ್ಟ್‌ನಂಥ ಮುಕ್ತ ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ) ತಂತ್ರಾಂಶಕ್ಕೆ ಕನ್ನಡ ಬರುತ್ತದೆ, ಸ್ವಚ್ಛವಾಗಿ ಅಚ್ಚಾದ ಪುಟವನ್ನು ಅದು ಸಾಕಷ್ಟು ಚೆನ್ನಾಗಿಯೇ ಓದುತ್ತದೆ. ಆದರೆ ಅದು ಮಾಡುವ ಕೆಲವು ತಪ್ಪುಗಳು ಕಣ್ಣಿಗೆ ಬೀಳುವಂಥವಲ್ಲ, ಕಿವಿಗೆ ಮಾತ್ರ ಬೀಳುವಂಥವು. ನಮ್ಮ ಅನುಸ್ವಾರ ಮತ್ತು ಸೊನ್ನೆ ನೋಡಲು ಒಂದೇ ಬಗೆಯ ದುಂಡು, ಆದರೆ ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯೂನಿಕೋಡಿನಲ್ಲಿ ಅವು ಎರಡು ಬೇರೆ ಬೇರೆ ಸಂಕೇತಗಳು. ಯಂತ್ರ 'ಸಂಗೀತ' ಎಂಬ ಪದವನ್ನು ಸೊನ್ನೆ ಹಾಕಿ 'ಸ೦ಗೀತ' ಎಂದು ಬರೆದುಕೊಟ್ಟರೆ ನೋಡುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಸ್ಕ್ರೀನ್ ರೀಡರ್ ಮಾತ್ರ ಪದದ ನಡುವೆ ನಿಂತು 'ಸೊನ್ನೆ' ಎಂದು ಉಚ್ಚರಿಸುತ್ತದೆ. ಅರ್ಕಾವತ್ತಿನ ಕಥೆಯೂ ಅದೇ. ಬರವಣಿಗೆಯಲ್ಲಿ ಅಕ್ಷರದ ನಂತರ ಬಂದು ಉಚ್ಚಾರಣೆಯಲ್ಲಿ ಅಕ್ಷರದ ಮೊದಲು ನಿಲ್ಲುವ ಈ ಗುರುತು ಕನ್ನಡದ ಒಂಬತ್ತನ್ನು ಬಹುವಾಗಿ ಹೋಲುವುದರಿಂದ, 'ಕರ್ನಾಟಕ' ಎಂಬುದು 'ಕನಾ೯ಟಕ' ಆಗಿ, ಕೇಳುವವರಿಗೆ 'ಕನಾ ಒಂಬತ್ತು ಟಕ' ಆಗುತ್ತದೆ. ಒಂದು ಪುಟದಲ್ಲಿ ಇಂಥ ಇಪ್ಪತ್ತು ಪದಗಳಿದ್ದರೆ ಆ ಪುಟವನ್ನು ಕೇಳುವುದು ಎಷ್ಟು ದಣಿವಿನ ಕೆಲಸ ಎಂಬುದು, ನಾನೇ ಕಣ್ಣು ಮುಚ್ಚಿ ಒಂದು ಇಡೀ ಲೇಖನವನ್ನು ಕೇಳಿದ ಮೇಲೆ ನನಗೆ ಅರ್ಥವಾಯಿತು.

ಇದನ್ನು ಸರಿಪಡಿಸಲು ಬರೆದ ಸಣ್ಣ ಪ್ರೋಗ್ರಾಮಿನಲ್ಲಿ ಒಂದು ಎಚ್ಚರ ಬೇಕಾಯಿತು. ಎಲ್ಲ ಸೊನ್ನೆಗಳನ್ನೂ ಅನುಸ್ವಾರವಾಗಿಸಿದರೆ '೧೯೧೦ರಲ್ಲಿ' ಎಂಬ ಇಸವಿಯೇ ಕೆಡುತ್ತದೆ. ಆದ್ದರಿಂದ ಹಿಂದಿನ ಸಂಕೇತ ಅಂಕಿಯಾಗಿದ್ದರೆ ಮುಟ್ಟಬಾರದು, ಅಕ್ಷರವಾಗಿದ್ದರೆ ಮಾತ್ರ ಬದಲಿಸಬೇಕು ಎಂಬ ನಿಯಮ ಮಾಡಿದೆವು. ಒಂಬತ್ತನ್ನು ತೆಗೆದಾಗ ಅದರ ಜಾಗದಲ್ಲೇ ರಕಾರ ಇಟ್ಟರೆ ಸಾಲದು, ಅದರ ಹಿಂದಿನ ಅಕ್ಷರವನ್ನು ಒತ್ತು, ಗುಣಿತ ಸಮೇತ ದಾಟಿಸಿ ಮುಂಚೆ ತಂದಿಡಬೇಕು. 'ವಾತೆ೯' ಎಂಬುದು ಆಗ ಮಾತ್ರ 'ವಾರ್ತೆ' ಆಗುತ್ತದೆ. ಎರಡು ಅಂಕಣಗಳ ಪುಟದಲ್ಲಿ ಯಂತ್ರ ಎಡದ ಸಾಲಿನಿಂದ ನೇರವಾಗಿ ಬಲದ ಸಾಲಿಗೆ ಹಾರುವುದನ್ನು ತಡೆಯಲು ಪ್ರತಿ ಪುಟದ ಅಂಕಣದ ಗೆರೆಯನ್ನು ಕೈಯಿಂದಲೇ ಗುರುತಿಸಬೇಕಾಯಿತು, ಇದಕ್ಕೆ ಸುಲಭದ ದಾರಿ ನಮಗೆ ಸಿಕ್ಕಿಲ್ಲ. ಕೈಯಿಂದ ಬರೆದುದನ್ನು ಕಲ್ಲಿನ ಮೇಲಿಂದ ಮುದ್ರಿಸಿದ ಕಲ್ಲಚ್ಚಿನ ಪುಟಗಳ ಮುಂದೆ ಓಸಿಆರ್ ಪೂರ್ತಿ ಸೋಲುತ್ತದೆ. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಹೊರತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ಮುದ್ರಣವಾದದ್ದು ಕಲ್ಲಚ್ಚಿನಲ್ಲಿಯೇ. ಅಂಥ ಮುದ್ರಣವೆಂದರೆ ಕೈಬರಹವೇ, ಅದನ್ನು ಮನುಷ್ಯರೇ ಓದಿ ಬೆರಳಚ್ಚು ಮಾಡಬೇಕು.

ನಮ್ಮ ಸೂಚಿಯದು ಬೇರೆಯೇ ಸಮಸ್ಯೆ. ಹದಿನೈದು ವರ್ಷಗಳ ಹಿಂದೆ ಹಿರಿಯರೊಬ್ಬರು ಅತ್ಯಂತ ಶ್ರದ್ಧೆಯಿಂದ ತಯಾರಿಸಿದ ಪಟ್ಟಿ 'ನುಡಿ' ತಂತ್ರಾಂಶದ, ಯೂನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿತ್ತು, ಅದನ್ನು ಹಾಗೆಯೇ ಪಿಡಿಎಫ್ ಮಾಡಿ ಏರಿಸಿದ್ದೆವು. ತೆರೆಯ ಮೇಲೆ ಅದು ಅಚ್ಚುಕಟ್ಟಾದ ಕನ್ನಡ. ಒಳಗಿನ ಸಂಕೇತಗಳು ರೋಮನ್ ಅಕ್ಷರಗಳವಾದ್ದರಿಂದ ಸ್ಕ್ರೀನ್ ರೀಡರ್ ಓದುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯನ್ನು. ನಿಮ್ಮ ಬಳಿಯ ಯಾವುದೇ ಕನ್ನಡ ಪಿಡಿಎಫ್‌ನಿಂದ ಒಂದು ವಾಕ್ಯವನ್ನು ಆಯ್ದು ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ: ಅಲ್ಲಿ ಕನ್ನಡ ಬಂದರೆ ಅದು ಕಿವಿಗೂ ಕನ್ನಡ, ಇಲ್ಲವಾದರೆ ಪರಿವರ್ತಿಸಲೇಬೇಕು. ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ, ಅವು ಮಾಡಿದ್ದನ್ನು ಒಮ್ಮೆ ಓದಿ ನೋಡುವಷ್ಟು ಸಮಯ ಮಾತ್ರ ಬೇಕು. ಇದರ ಜೊತೆಗೆ, ನಾವು ಬಳಸಿದ್ದ ಸಿದ್ಧ ಟೆಂಪ್ಲೇಟಿನಲ್ಲಿ ಎಲ್ಲ ಪುಟಗಳ ಭಾಷೆಯೂ ಇಂಗ್ಲಿಷ್ ಎಂದೇ ನಮೂದಾಗಿತ್ತು. ಎರಡಕ್ಷರದ ಆ ಸಂಕೇತವನ್ನು ಕನ್ನಡದ್ದಕ್ಕೆ ಬದಲಿಸಿದ ಮೇಲೆ ಧ್ವನಿ ತಾನಾಗಿಯೇ ಕನ್ನಡಕ್ಕೆ ಹೊರಳಿತು. ಇಡೀ ಕೆಲಸದಲ್ಲಿ ಐದು ನಿಮಿಷದಲ್ಲಿ ಮುಗಿದದ್ದು ಇದೊಂದೇ.

ಛಾಯಾಚಿತ್ರಗಳ ವಿಷಯದಲ್ಲಿ ನನ್ನ ಅಭಿಪ್ರಾಯವೇ ಬದಲಾಯಿತು. ಚಿತ್ರವಿವರಣೆ ಬರೆಯುವುದು ಅಂಧರಿಗಾಗಿ ಮಾಡುವ ಹೆಚ್ಚುವರಿ ಕೆಲಸ ಎಂದು ನಾನು ತಿಳಿದಿದ್ದೆ. ಈಗ ನೋಡಿದರೆ ಅದು ದಾಖಲೆ ಕಾಯುವವರು ಎಂದೋ ಮಾಡಬೇಕಿದ್ದ ಮೂಲ ಕೆಲಸವೇ ಆಗಿತ್ತು. 1950ರ ದಶಕದ ಒಂದು ಗುಂಪು ಚಿತ್ರ ನಮ್ಮಲ್ಲಿದೆ, ಸೂಚಿಯಲ್ಲಿ ಅದಕ್ಕೆ 'ಶಾಲೆಯ ಚಿತ್ರ' ಎಂದಷ್ಟೇ ಇತ್ತು. ವಿವರಣೆ ಬರೆಯಲು ಕುಳಿತಾಗಲೇ ನಾವು ಅದನ್ನು ನಿಜವಾಗಿ ನೋಡಿದ್ದು: ಹೆಂಚಿನ ಮಾಡಿನ ಕಟ್ಟಡದ ಮುಂದೆ ಮೂರು ಸಾಲು, ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತ ಏಳು ಹುಡುಗಿಯರು, ಅವರಲ್ಲಿ ಇಬ್ಬರ ಮಡಿಲಲ್ಲಿ ಸ್ಲೇಟು, ನಡುವೆ ಕುರ್ಚಿಯ ಮೇಲೆ ಪೇಟ ಧರಿಸಿದ ಒಬ್ಬ ಮೇಷ್ಟ್ರು, ಎಡತುದಿಯಲ್ಲಿ ಗುಂಪಿನಿಂದ ಸ್ವಲ್ಪ ದೂರ ನಿಂತ ಒಬ್ಬ ಹುಡುಗ. ಆ ಹುಡುಗ ಯಾಕೆ ದೂರ ನಿಂತಿದ್ದಾನೆ ಎಂದು ಊಹಿಸಿ ಬರೆಯಬೇಕೆಂಬ ಆಸೆ ನಮ್ಮ ಸ್ವಯಂಸೇವಕರಲ್ಲಿ ಹಲವರಿಗಿತ್ತು. ಬೇಡ ಎಂದು ನಾನು ಹಟ ಹಿಡಿದೆ. ಕಣ್ಣಿಗೆ ಕಂಡದ್ದನ್ನು ಬರೆಯೋಣ, ಚಿತ್ರದ ಹಿಂಬದಿಯಲ್ಲಿ ಬರೆದಿರುವುದನ್ನು ಬೇರೆಯಾಗಿ ಕೊಡೋಣ, ಊಹೆಯನ್ನು ಓದುಗರಿಗೆ ಬಿಡೋಣ. ನೋಡುವ ಓದುಗರಿಗೆ ಇರುವ ಆ ಸ್ವಾತಂತ್ರ್ಯ ಕೇಳುವ ಓದುಗರಿಗೂ ಇರಬೇಕು. ವಿವರಣೆಯನ್ನು 'ಇದು ಒಂದು ಚಿತ್ರ' ಎಂದು ಆರಂಭಿಸುವ ಅಗತ್ಯವೂ ಇಲ್ಲ, ಆ ಮಾತನ್ನು ಸ್ಕ್ರೀನ್ ರೀಡರ್ ಮೊದಲೇ ಹೇಳಿರುತ್ತದೆ.

ದೃಷ್ಟಿ ಪೂರ್ತಿ ಇಲ್ಲದವರ ಮಾತಾಯಿತು; ಮಂದದೃಷ್ಟಿಯವರನ್ನು ನಾವು ಮರೆತದ್ದು ಬಣ್ಣದಲ್ಲಿ. ಹಳೆಯ ದಾಖಲೆಗಳ ತಾಣವೆಂದರೆ ಹಳೆಯ ಕಾಗದದ ಬಣ್ಣವಿರಬೇಕೆಂದು ಕೆನೆಬಣ್ಣದ ಹಿನ್ನೆಲೆಯ ಮೇಲೆ ತಿಳಿ ಕಂದು ಅಕ್ಷರಗಳನ್ನು ಇಟ್ಟಿದ್ದೆವು. ಅಂತರರಾಷ್ಟ್ರೀಯವಾಗಿ ಎಲ್ಲರೂ ಅನುಸರಿಸುವ, ಜಾಲತಾಣಗಳು ಅಂಗವಿಕಲರಿಗೂ ಎಟುಕುವಂತಿರಲು ರೂಪಿಸಿದ ಡಬ್ಲ್ಯೂಸಿಎಜಿ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5ಕ್ಕೆ 1ರಷ್ಟು ಹೊಳಪಿನ ವ್ಯತ್ಯಾಸ ಇರಬೇಕೆನ್ನುತ್ತದೆ, ನಮ್ಮದು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಅಕ್ಷರಗಳನ್ನು ಗಾಢವಾಗಿಸಿದೆವು. ಕನ್ನಡದಂಥ ಲಿಪಿಗಳಿಗೆ ವಿಶಿಷ್ಟವಾದ ಇನ್ನೊಂದು ತೊಡಕೂ ಆಗ ಬಯಲಾಯಿತು: ರೋಮನ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಟೆಂಪ್ಲೇಟಿನಲ್ಲಿ ಸಾಲಿನ ಎತ್ತರ ಬಿಗಿಯಾಗಿರುತ್ತದೆ, ಅಕ್ಷರವನ್ನು ದೊಡ್ಡದು ಮಾಡಿದ ಕೂಡಲೇ 'ರಾಷ್ಟ್ರ', 'ಸ್ತ್ರೀ' ಮುಂತಾದ ಪದಗಳ ಕೆಳಗಿನ ಒತ್ತುಗಳು ಕತ್ತರಿಸಿಹೋಗುತ್ತವೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಹೆಚ್ಚಿಸಿದ ಮೇಲೆ ಅದು ಸರಿಹೋಯಿತು. ಪುಟ ಮಗುಚಿದಂತೆ ಕಾಣುವ ಅನಿಮೇಷನ್ನನ್ನು ತೆಗೆದೆವು, ಏಕೆಂದರೆ ಮೌಸ್ ಹಿಡಿಯಲಾಗದವರು ಕೀಬೋರ್ಡಿನಿಂದ ಅದನ್ನು ದಾಟಲು ಸಾಧ್ಯವೇ ಇರಲಿಲ್ಲ. ಡೌನ್‌ಲೋಡಿಗೆ ಅಡ್ಡ ಇಟ್ಟಿದ್ದ, ಚಿತ್ರ ನೋಡಿ ಅಕ್ಷರ ಗುರುತಿಸುವ ಪರೀಕ್ಷೆಯನ್ನೂ ತೆಗೆದೆವು.

ನಮ್ಮಲ್ಲಿರುವ ಧ್ವನಿಮುದ್ರಿಕೆಗಳು ಅಧ್ಯಾಪಕಿಗೆ ಯಾವ ತೊಂದರೆಯನ್ನೂ ಕೊಡಲಿಲ್ಲ, ಆದರೆ ಕಿವಿ ಕೇಳದವರಿಗೆ ಅವು ಪೂರ್ತಿ ಮುಚ್ಚಿಕೊಂಡಿದ್ದವು. ಹಳ್ಳಿಯ ಹಿರಿಯರ ನೆನಪುಗಳು, ಬೀಸುವ ಪದಗಳು, ಸೋಬಾನೆ ಎಲ್ಲವನ್ನೂ ಈಗ ಬರಹಕ್ಕಿಳಿಸುತ್ತಿದ್ದೇವೆ. ಒಂದು ಗಂಟೆಯ ಮಾತಿಗೆ ನಮಗೆ ಏಳೆಂಟು ಗಂಟೆಯ ಕೆಲಸ ಹಿಡಿಯುತ್ತದೆ. 'ಹೊಂಟೇನಿ' ಎಂದದ್ದನ್ನು 'ಹೊರಟಿದ್ದೇನೆ' ಎಂದು ತಿದ್ದಬಾರದು ಎಂಬುದು ನಾವು ಮಾಡಿಕೊಂಡ ಕಟ್ಟುನಿಟ್ಟಿನ ನಿಯಮ. ಆಡಿದವರ ಮಾತನ್ನು ಪುಸ್ತಕದ ಭಾಷೆಗೆ ತಿರುಗಿಸಿ ಕೊಟ್ಟರೆ, ಕೇಳಬಲ್ಲವರಿಗೆ ಸಿಗುವ ಅಜ್ಜಿ ಬೇರೆ, ಓದುವವರಿಗೆ ಸಿಗುವ ಅಜ್ಜಿ ಬೇರೆ ಆಗುತ್ತಾಳೆ. ಹಾಡಿನ ಹಿಂದೆ ಬೀಸುವ ಕಲ್ಲಿನ ಸದ್ದು ಬಂದರೆ ಅದನ್ನೂ ಆ ಜಾಗದಲ್ಲಿ ಬರೆಯುತ್ತೇವೆ, ಕಲ್ಲು ನಿಂತು ಹಾಡು ಮಾತ್ರ ಮುಂದುವರಿದರೆ ಅದನ್ನೂ.

ಹಕ್ಕುಸ್ವಾಮ್ಯದ ಭಯದಿಂದ ಪಠ್ಯ ಕೊಡಲು ಹಿಂಜರಿಯುವವರಿಗೆ ಒಂದು ಮಾತು. ಮುದ್ರಿತ ಪಠ್ಯವನ್ನು ಓದಲಾಗದವರಿಗಾಗಿ ಅವರು ಬಳಸಬಲ್ಲ ರೂಪದಲ್ಲಿ ಪ್ರತಿ ಮಾಡಿಕೊಡಲು ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ 2012ರ ತಿದ್ದುಪಡಿಯಿಂದಲೇ ಅವಕಾಶವಿದೆ. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದೂ ಭಾರತವೇ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೆಯ ಸೆಕ್ಷನ್ ಮಾಹಿತಿ ಎಲ್ಲರಿಗೂ ಎಟುಕುವ ರೂಪದಲ್ಲಿರಬೇಕೆನ್ನುತ್ತದೆ. ಡಿಜಿಟಲ್ ಸೇವೆಗಳನ್ನು ಬಳಸಲು ಸಾಧ್ಯವಾಗುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪಿತ್ತಿದೆ. ಇಂಥ ಕೆಲಸದಿಂದ ಹುಡುಕಾಟ ಸುಲಭವಾಗುತ್ತದೆ, ಎಲ್ಲರಿಗೂ ಉಪಯೋಗವಾಗುತ್ತದೆ ಎಂದು ಸಮರ್ಥಿಸಿಕೊಳ್ಳುವ ರೂಢಿಯಿದೆ, ಅದು ನಿಜವೂ ಹೌದು: ಸೊನ್ನೆ ತಿದ್ದಿದ ಮೇಲೆ 'ಸಂಗೀತ' ಎಂದು ಹುಡುಕಿದ ಎಲ್ಲರಿಗೂ ಆ ಲೇಖನ ಸಿಗುತ್ತದೆ. ಆದರೂ ನನಗೆ ಆ ಸಮರ್ಥನೆ ಹಿಡಿಸುವುದಿಲ್ಲ. ಬೇರೆ ಒಬ್ಬರಿಗೂ ಉಪಯೋಗವಾಗದಿದ್ದರೂ, ಆ ಅಧ್ಯಾಪಕಿಗೆ ಆ ಪುಟ ಸಲ್ಲಬೇಕಾದದ್ದೇ.

ಹತ್ತು ತಿಂಗಳಲ್ಲಿ ನಮ್ಮ ಪುಟಗಳಲ್ಲಿ ಮೂರರಲ್ಲಿ ಒಂದು ಭಾಗದಷ್ಟು ಮುಗಿದಿದೆ. ಕೈಬರಹದ ಪತ್ರಗಳ ಎರಡು ಪೆಟ್ಟಿಗೆಗಳನ್ನು ಇನ್ನೂ ಮುಟ್ಟಿಲ್ಲ. ಅಕ್ಷರ ಬಿಡಿಸಿ ಓದಬಲ್ಲ ನಿವೃತ್ತ ಮೇಷ್ಟ್ರು ಇಬ್ಬರು ಬರುವ ತಿಂಗಳಿನಿಂದ ವಾರಕ್ಕೊಂದು ದಿನ ಕೂರುವುದಾಗಿ ಒಪ್ಪಿದ್ದಾರೆ. ಅಧ್ಯಾಪಕಿ ತಾವು ಹುಡುಕುತ್ತಿದ್ದ ಲೇಖನಮಾಲೆಯ ನಾಲ್ಕು ಕಂತುಗಳನ್ನು ಓದಿ ಮುಗಿಸಿದ್ದಾರೆ, ಐದನೆಯದು ನಮ್ಮಲ್ಲಿಲ್ಲ. ಕಳೆದ ವಾರ ಅವರಿಂದ ಬಂದ ಸಂದೇಶದಲ್ಲಿ, ಮೂರನೆಯ ಕಂತಿನ ಎರಡನೆಯ ಪುಟದಲ್ಲಿ ಇನ್ನೊಂದು ಸೊನ್ನೆ ಉಳಿದುಕೊಂಡಿದೆ ಎಂದಿತ್ತು. ತೆರೆದು ನೋಡಿದರೆ, ಯಂತ್ರ ಪದದ ನಡುವೆ ಒಂದು ತೆರಪು ಬಿಟ್ಟಿದ್ದರಿಂದ ಸೊನ್ನೆಯ ಹಿಂದೆ ಅಕ್ಷರವೇ ಇರಲಿಲ್ಲ, ನಮ್ಮ ನಿಯಮ ಅದನ್ನು ದಾಟಿಹೋಗಿತ್ತು. ಪದವನ್ನು ಕೈಯಲ್ಲೇ ತಿದ್ದಿ, ಅದೇ ರೀತಿಯ ತೆರಪುಗಳು ಬೇರೆಲ್ಲಿವೆ ಎಂದು ಈಗ ಹುಡುಕುತ್ತಿದ್ದೇವೆ.